ಹೆಗಡೆ, ಹೆಗ್ಡೆ, ಹೆಗ್ಗಡೆ: ಒಂದು ಅಡ್ಡಹೆಸರಿನ ಬುಡ ಹುಡುಕುವ ಕೆಲಸ, ಹಂತಹಂತವಾಗಿ

ಅಡ್ಡಹೆಸರಿನ ಮೂಲ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಡಿಎನ್‌ಎ ಕಿಟ್ ತರಿಸುತ್ತಾರೆ, ಆಮೇಲೆ ಅಜ್ಜಿಯನ್ನು ಮಾತಾಡಿಸುತ್ತಾರೆ. ಇದು ತಿರುವುಮುರುವು. ಯಾವ ಕಿಟ್ ಬೇಕು ಎಂದು ಹೇಳಬೇಕಾದವಳೇ ಅಜ್ಜಿ. ಹೆಸರು ಅಪ್ಪನಿಂದ ಬಂತೋ, ಸೋದರಮಾವನಿಂದ ಬಂತೋ, ಹುದ್ದೆಯಿಂದ ಬಂತೋ ಗೊತ್ತಿಲ್ಲದೆ ಮಾಡಿಸಿದ ಪರೀಕ್ಷೆ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ನೀವು ಕೇಳದ ಪ್ರಶ್ನೆಗೆ.

ಇಲ್ಲಿ ಎತ್ತಿಕೊಂಡ ಹೆಸರು ಹೆಗಡೆ. ಕಾರಣ ಇದೆ. ಉತ್ತರ ಕನ್ನಡದ ಹವ್ಯಕರಲ್ಲಿ ಈ ಹೆಸರಿದೆ, ಕರಾವಳಿಯ ಬಂಟರಲ್ಲಿದೆ, ತುಳುನಾಡಿನ ಜೈನರಲ್ಲಿದೆ, ಗೌಡ ಸಾರಸ್ವತರಲ್ಲಿದೆ. ಕೊಡಗಿನಲ್ಲಿ ಹೆಗ್ಗಡೆ ಎಂಬ ಸಮುದಾಯವೇ ಇದೆ. ಕುಮಟಾದ ಪಕ್ಕ ಹೆಗಡೆ ಎಂಬ ಊರಿದೆ, ಮೈಸೂರು ಸೀಮೆಯಲ್ಲಿ ಹೆಗ್ಗಡದೇವನಕೋಟೆ ಇದೆ. ಇಷ್ಟು ಕಡೆ ಹರಡಿದ ಹೆಸರು ಒಂದೇ ರಕ್ತದ್ದಾಗಿರುವುದು ಅಸಾಧ್ಯ ಎಂಬುದು ಮೇಲುನೋಟಕ್ಕೇ ಕಾಣುತ್ತದೆ. ಹಾಗಿದ್ದರೆ ಒಂದೊಂದು ಮನೆಗೆ ಅದು ಯಾವ ದಾರಿಯಲ್ಲಿ ಬಂತು? ಕೆಲಸ ಇರುವುದು ಅಲ್ಲಿ.

ಬೇಕಾದ ಸಾಮಾನು

ಒಂದು ಸ್ಪ್ರೆಡ್‌ಶೀಟ್. ಇನ್ನೂರು ಪುಟದ ಒಂದು ನೋಟ್‌ಬುಕ್, ಯಾಕೆಂದರೆ ಹಿರಿಯರ ಎದುರು ಲ್ಯಾಪ್‌ಟಾಪ್ ತೆರೆದರೆ ಮಾತು ನಿಂತುಬಿಡುತ್ತದೆ. ಫೋನಿನ ಕ್ಯಾಮೆರಾ, ಓರೆಬೆಳಕಿಗೆ ಒಂದು ಟಾರ್ಚು. ಡಿಎನ್‌ಎ ಕಿಟ್ ಎಷ್ಟು ಎಂಬುದು ಕೊನೆಗೆ ಗೊತ್ತಾಗುವ ಲೆಕ್ಕ. ಒಂದೊಂದು ಕವಲಿಗೆ ಕನಿಷ್ಠ ಎರಡು ಬೇಕು, ಒಂದೇ ಕಿಟ್‌ನಿಂದ ಏನೂ ಸಾಬೀತಾಗುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಒಂಬತ್ತು ಕಾಲಂ ಸಾಕು: ಕ್ರಮಸಂಖ್ಯೆ, ದಾಖಲೆಯಲ್ಲಿ ಇದ್ದ ಹಾಗೇ ಹೆಸರು, ಊರು ಮತ್ತು ಮನೆ, ತಂದೆ, ತಾಯಿ, ಗೋತ್ರ ಅಥವಾ ಬಳಿ (ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ ಕುಲ), ಹೆಸರು ಬಂದ ದಾರಿ, ದಾಖಲೆ ಯಾವುದು, ಎಷ್ಟು ನಂಬಬಹುದು. ಏಳನೆಯ ಕಾಲಂ ಈ ಇಡೀ ಕೆಲಸದ ಬೆನ್ನುಮೂಳೆ. ಅಲ್ಲಿ ಐದೇ ಗುರುತು: ತಂದೆಯಿಂದ ಬಂದರೆ ‘ತಂ’, ತಾಯಿ ಅಥವಾ ಸೋದರಮಾವನ ಕಡೆಯಿಂದ ಬಂದರೆ ‘ತಾ’, ದತ್ತು ಹೋಗಿದ್ದರೆ ‘ದ’, ಮನೆಅಳಿಯನಾಗಿ ಬಂದು ಹೆಸರು ಹಿಡಿದಿದ್ದರೆ ‘ಅ’, ಹುದ್ದೆಯಿಂದ ಬಂದಿದ್ದರೆ ‘ಹು’. ಎರಡನೆಯ ಕಾಲಮ್ಮಿನಲ್ಲಿ ಕಾಗುಣಿತ ತಿದ್ದಬಾರದು. ಹೆಗ್ಗಡೆ ಎಂದಿದ್ದರೆ ಹೆಗ್ಗಡೆ, ಇಂಗ್ಲಿಷ್ ದಾಖಲೆಯಲ್ಲಿ ಬೇರೆ ಥರ ಇದ್ದರೆ ಆ ಥರವೇ. ಅಂದಗೊಳಿಸಲು ಹೋಗಿ ಎಲ್ಲವನ್ನೂ ಹೆಗಡೆ ಮಾಡಿದರೆ ಮುಂದೆ ಹುಡುಕಲು ಬೇಕಾದ ಸುಳಿವೇ ಅಳಿಸಿಹೋಗುತ್ತದೆ.

ಮೊದಲು ಪದವನ್ನು ಬಿಚ್ಚುವುದು

ಹೆಗಡೆಯ ಹಳೆಯ ರೂಪ ಪೆರ್ಗಡೆ. ಮೊದಲ ತುಂಡು ‘ಪೆರ್’, ಅಂದರೆ ದೊಡ್ಡ, ಹಿರಿಯ. ಇದು ಒಂಟಿ ಪದ ಅಲ್ಲ, ದೊಡ್ಡ ಸಂಸಾರವೇ ಇದೆ: ಪೆರ್ಮರ ಹೆಮ್ಮರ ಆಯಿತು, ಪೆರ್ಬಾಗಿಲ್ ಹೆಬ್ಬಾಗಿಲು ಆಯಿತು, ಕೃಷ್ಣಾ ನದಿಯ ಪೆರ್ದೊರೆ ಹೆದ್ದೊರೆ ಆಯಿತು, ದೊಡ್ಡ ಸುಂಕವಾದ ಪೆರ್ಜುಂಕ ಹೆಜ್ಜುಂಕ ಆಯಿತು. ಎಲ್ಲ ಕಡೆ ನಡೆದದ್ದು ಎರಡೇ ಕೆಲಸ. ಮೊದಲಿನ ಪಕಾರ ಹಕಾರವಾಯಿತು, ಅರ್ಕಾವತ್ತಿನ ರಕಾರ ಮುಂದಿನ ವ್ಯಂಜನದೊಳಗೆ ಕರಗಿ ಒತ್ತಕ್ಷರ ಹುಟ್ಟಿತು. ಪೆರ್ಗಡೆ ಹೆಗ್ಗಡೆಯಾಯಿತು. ಅಲ್ಲಿಂದ ಎರಡು ದಾರಿ: ಘಟ್ಟದ ಮೇಲೆ ಒತ್ತು ಸಡಿಲಿ ಹೆಗಡೆ, ಕರಾವಳಿಯಲ್ಲಿ ನಡುವಿನ ಅಕಾರ ಬಿದ್ದು ಹೆಗ್ಡೆ. ಕಿವಿಗೆ ಹತ್ತಿರ ಕೇಳಿಸಿದರೂ ಹೆಗಲಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇಂದಿನ ಪದಗಳನ್ನು ಇಟ್ಟುಕೊಂಡು ಹಳೆಯ ಹೆಸರನ್ನು ಒಡೆಯಲು ಹೋಗಬಾರದು.

ಪಕ್ಕದ ಭಾಷೆಗಳಲ್ಲಿ ತಾಳೆ ನೋಡಿದರೆ ಅನುಮಾನ ಉಳಿಯುವುದಿಲ್ಲ. ತುಳು ಈ ಪಕಾರವನ್ನು ಬಿಟ್ಟುಕೊಡಲಿಲ್ಲ. ನಮ್ಮ ಹುಲಿ ಅಲ್ಲಿ ಪಿಲಿ, ನಮ್ಮ ಹೂ ಅಲ್ಲಿ ಪೂ. ಧರ್ಮಸ್ಥಳದ ಐತಿಹ್ಯದಲ್ಲಿ ಬರುವ ನೆಲ್ಯಾಡಿ ಬೀಡಿನ ಬಿರ್ಮಣ್ಣ ಪೆರ್ಗಡೆಯ ಹೆಸರಿನಲ್ಲಿ ಹಳೆಯ ರೂಪ ಹಾಗೇ ಕೂತಿದೆ. ತೆಲುಗಿನಲ್ಲಿ ಅಕ್ಷರ ಹಿಂದುಮುಂದಾಗಿ ಪ್ರೆಗ್ಗಡ ಆಯಿತು, ಅರ್ಥ ಮಂತ್ರಿ. ತೆಲುಗು ಮಹಾಭಾರತದ ಮೂವರು ಕವಿಗಳಲ್ಲಿ ಒಬ್ಬನಾದ ಎರ್ರಾಪ್ರಗಡನ ಹೆಸರಿನ ಬಾಲದಲ್ಲಿ ಇರುವುದು ಅದೇ ಪದ.

ಅಂದಮೇಲೆ ಪದದ ಅರ್ಥ ಸ್ಪಷ್ಟ: ಹಿರಿಯ ಅಧಿಕಾರಿ. ಜಾತಿಯ ಹೆಸರಲ್ಲ, ಕುಲದ ಹೆಸರಲ್ಲ. ಶಾಸನಗಳಲ್ಲಿ ಸುಂಕದ ಪೆರ್ಗಡೆ ಬರುತ್ತಾನೆ, ಅರಮನೆಯ ಉಸ್ತುವಾರಿ ನೋಡುವ ಮನೆವೆರ್ಗಡೆ ಬರುತ್ತಾನೆ. ಸೇನಬೋವ ಶಾನಭಾಗನಾದ, ಗಾವುಂಡ ಗೌಡನಾದ, ಪೆರ್ಗಡೆ ಹೆಗಡೆಯಾದ. ಮೂರೂ ಒಂದೇ ಕಚೇರಿಯಿಂದ ಎದ್ದು ಬಂದ ಹೆಸರುಗಳು.

ಶಾಸನದಲ್ಲಿ ಹುಡುಕುವ ಬಗೆ

ಬಿ. ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಹಳೆಯ ಮೈಸೂರು ಮತ್ತು ಕೊಡಗಿಗೆ. ಕರಾವಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 7 ಮತ್ತು 9ನೇ ಸಂಪುಟ, ಮುಂಬೈ ಕರ್ನಾಟಕಕ್ಕೆ 11ನೆಯದು. ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ತೊಂದರೆ ಇರುವುದು ಹುಡುಕುವುದರಲ್ಲಿ.

ಒಂದೇ ಕಾಗುಣಿತ ಹಾಕಿ ಹುಡುಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಕನಿಷ್ಠ ಈ ರೂಪಗಳು ಬೇಕು: ಪೆರ್ಗಡೆ, ಪೆರ್ಗ್ಗಡೆ, ಪೆಗ್ಗಡೆ, ಹೆರ್ಗಡೆ, ಹೆಗ್ಗಡೆ, ಹೆಗಡೆ, ಹೆಗ್ಡೆ. ಸಮಾಸದಲ್ಲಿ ಪಕಾರ ವಕಾರವಾಗುವುದರಿಂದ ವೆರ್ಗಡೆ, ವೆರ್ಗ್ಗಡೆ. ಹೆಣ್ಣುಮಕ್ಕಳಿಗೆ ಹೆಗ್ಗಡಿತಿ, ಇದನ್ನು ಮರೆತರೆ ದಾನ ಕೊಟ್ಟ ಹೆಂಗಸರೆಲ್ಲ ಪಟ್ಟಿಯಿಂದ ಹೊರಗೆ.

ಯಂತ್ರ ಓದಿದ ಪಠ್ಯದಲ್ಲಿ ಇನ್ನೊಂದು ಕಾಟ. ಅರ್ಕಾವತ್ತು ನೋಡಲು ಒಂಬತ್ತರ ಕನ್ನಡ ಅಂಕಿಯಂತೆಯೇ ಇರುತ್ತದೆ. ಹಾಗಾಗಿ ಪೆರ್ಗಡೆ ಎಷ್ಟೋ ಕಡತದಲ್ಲಿ ‘ಪೆಗ೯ಡೆ’ ಎಂದು ಕೂತಿರುತ್ತದೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಆ ರೂಪವನ್ನೂ ಪಟ್ಟಿಗೆ ಸೇರಿಸಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬಂದ ಕಡತಗಳಲ್ಲಿ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಕಗಳು ಉಳಿದಿರುತ್ತವೆ. ಹುಡುಕುವ ಮೊದಲು ಅವನ್ನೆಲ್ಲ ಅಳಿಸಿದ ಒಂದು ನಕಲು ಮಾಡಿಕೊಳ್ಳುವುದು ಒಳ್ಳೆಯದು. ಇವೆಲ್ಲ ಬೇಡ, ಬರೀ ‘ಗಡೆ’ ಎಂದು ಹುಡುಕುತ್ತೇನೆ ಎಂದರೆ ಕೆಳಗಡೆ, ಹೊರಗಡೆ, ಬಿಡುಗಡೆ ಎಲ್ಲ ಒಟ್ಟಿಗೇ ನುಗ್ಗುತ್ತವೆ. ‘ಹೆಗ್ಗ’ ಎಂದರೆ ಸಾಗರದ ಹೆಗ್ಗೋಡು ತಪ್ಪಿದರೂ ಹೆಗ್ಗಣ ತಪ್ಪುವುದಿಲ್ಲ.

ಸಂಪುಟದ ಸಂಖ್ಯೆ ಬರೆದುಕೊಳ್ಳುವಾಗ ಯಾವ ಆವೃತ್ತಿ ಎಂದೂ ಬರೆಯಬೇಕು. ಶ್ರವಣಬೆಳಗೊಳದ ಸಂಪುಟವನ್ನೇ ನೋಡಿ. 1889ರ ಆವೃತ್ತಿಯಲ್ಲಿ 144 ಶಾಸನ, ಆರ್. ನರಸಿಂಹಾಚಾರ್ಯರು 1923ರಲ್ಲಿ ತಂದದ್ದರಲ್ಲಿ 500. ಒಂದೇ ಶಾಸನಕ್ಕೆ ಎರಡು ಬೇರೆ ಸಂಖ್ಯೆ. ಬರೀ ಸಂಖ್ಯೆ ಬರೆದಿಟ್ಟರೆ ಆರು ತಿಂಗಳ ನಂತರ ಅದು ಯಾವ ಕಲ್ಲು ಎಂದು ತಿಳಿಯದೆ ಮತ್ತೆ ಮೊದಲಿನಿಂದ ಶುರು.

ತೇದಿ ಪರೀಕ್ಷೆಗೆ ಒಂದು ಸುಲಭ ಲೆಕ್ಕವಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಅದೇ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಉಳಿಯುವ ಶೇಷ ಸಂವತ್ಸರದ ಸಂಖ್ಯೆ, ಪ್ರಭವವೇ 1, ಶೇಷ ಸೊನ್ನೆ ಬಂದರೆ 60ನೆಯ ಅಕ್ಷಯ. ಶಾಂತಲೆ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನದ ಕಾಲ ಶಕ 1045, ಶೋಭಕೃತು. 1045ಕ್ಕೆ 12 ಕೂಡಿಸಿದರೆ 1057, ಅರವತ್ತರಿಂದ ಭಾಗಿಸಿದರೆ ಶೇಷ 37, ಮೂವತ್ತೇಳನೆಯದು ಶೋಭಕೃತು. ಹೊಂದಿತು, 1123ನೇ ಇಸವಿ. ಶೇಷ ಒಂದು ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ, ಕಳೆದ ವರ್ಷ, ನಡೆಯುವ ವರ್ಷ ಎಂಬ ಎಣಿಕೆಯ ಭೇದ ಅದು. ಹತ್ತಿಪ್ಪತ್ತು ವ್ಯತ್ಯಾಸ ಬಂದರೆ ಓದಿನಲ್ಲಿ ತಪ್ಪಿದೆ, ಇಲ್ಲವೇ ಶಾಸನವೇ ಆಮೇಲೆ ಹುಟ್ಟಿಸಿದ್ದು.

ಅದೇ ಶಾಂತಲೆಯ ತಂದೆಯನ್ನು ಶಾಸನಗಳು ಪೆರ್ಗ್ಗಡೆ ಮಾರಸಿಂಗಯ್ಯ ಎನ್ನುತ್ತವೆ. ಅವನು ಶೈವ, ಹೆಂಡತಿ ಮಾಚಿಕಬ್ಬೆ ಜೈನೆ. ಇಲ್ಲಿ ಪೆರ್ಗ್ಗಡೆ ಎಂಬುದು ಹೆಸರಿನ ಹಿಂದೆ (ಕೊನೆಗೆ) ಅಲ್ಲ, ಮುಂದೆ (ಮೊದಲಿಗೆ) ಕೂತಿದೆ ಎಂಬುದನ್ನು ಗಮನಿಸಬೇಕು. ಮುಂದೆ ಕೂತರೆ ಹುದ್ದೆ. ತಂದೆ ಮಗ ಮೊಮ್ಮಗ ಮೂವರ ಹೆಸರಿನ ಹಿಂದೆಯೂ ಕೂತರೆ ಆಗ ಅದನ್ನು ಅಡ್ಡಹೆಸರು ಎನ್ನಬಹುದು. ಈ ಜಿಗಿತ ಯಾವ ತಲೆಮಾರಿನಲ್ಲಿ ಆಯಿತು ಎಂದು ಹಿಡಿಯುವುದೇ ದಾಖಲೆ ಹುಡುಕುವ ಉದ್ದೇಶ. ಶಾಸನದಲ್ಲಿ ಒಬ್ಬ ಹೆಗ್ಗಡೆ ಸಿಕ್ಕಿದ ಕೂಡಲೇ ಅವನೇ ನಮ್ಮ ಮೂಲಪುರುಷ ಎಂದು ವಂಶವೃಕ್ಷದ ಬುಡಕ್ಕೆ ಕೂರಿಸುವುದು ಈ ಕೆಲಸದ ಅತಿ ಸಾಮಾನ್ಯ ರೋಗ.

ಮನೆಯ ಕಾಗದ, ಸರ್ಕಾರದ ಕಾಗದ

ಶಾಸನದಿಂದ ಇಂದಿನವರೆಗಿನ ಸೇತುವೆಯನ್ನು ಇಂದಿನ ಕಡೆಯಿಂದಲೇ ಕಟ್ಟಬೇಕು. ಹವ್ಯಕರ ಮನೆಯಲ್ಲಿ ಶುರುಮಾಡಲು ಒಳ್ಳೆಯ ಜಾಗ ಶ್ರಾದ್ಧ. ತಂದೆ, ಅಜ್ಜ, ಮುತ್ತಜ್ಜ, ಅವರ ಹೆಂಡತಿಯರು, ಜೊತೆಗೆ ತಾಯಿಯ ಕಡೆಯ ಮೂರು ತಲೆ, ಎಲ್ಲ ಗೋತ್ರಸಮೇತ ಬಾಯಿಪಾಠ ಇರುತ್ತದೆ. ಪುರೋಹಿತರ ಪುಸ್ತಕದಲ್ಲಿ ಬರೆದೂ ಇರುತ್ತದೆ. ಐವತ್ತು ವರ್ಷ ಹಿಂದಿನ ಪುಸ್ತಕ ಸಿಕ್ಕಿದರೆ ಒಮ್ಮೆಲೇ ಇನ್ನೆರಡು ತಲೆಮಾರು ಹಿಂದಕ್ಕೆ ಹೋಗಬಹುದು. ಆದರೆ ಅಲ್ಲಿ ಅಡ್ಡಹೆಸರು ಇರುವುದಿಲ್ಲ, ಶರ್ಮ ಎಂದಷ್ಟೇ ಇರುತ್ತದೆ. ಹೆಗಡೆ ಎಂಬುದನ್ನು ಬೇರೆ ಕಾಗದದಿಂದ ತಾಳೆ ಹಾಕಬೇಕು. ಹವ್ಯಕರಲ್ಲಿ ಒಂದೇ ಮೂಲದ ಎರಡು ಕವಲಿನಲ್ಲಿ ಒಂದು ಭಟ್ಟ, ಇನ್ನೊಂದು ಹೆಗಡೆ ಆಗಿರುವುದುಂಟು. ಮಂತ್ರ ಹಿಡಿದವನು ಭಟ್ಟ, ಊರಿನ ಯಜಮಾನಿಕೆ ಹಿಡಿದವನು ಹೆಗಡೆ. ಆದ್ದರಿಂದ ಹೆಗಡೆಯವರನ್ನು ಮಾತ್ರ ಹುಡುಕಿದರೆ ಅರ್ಧ ಕುಟುಂಬ ಬಿಟ್ಟುಹೋಗುತ್ತದೆ.

ಹಳೆಯ ಮನೆಗಳ ಅಟ್ಟದಲ್ಲಿ ಕಡತ ಸಿಗುವುದುಂಟು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಮಡಿಕೆ ಮಡಿಕೆಯಾಗಿ ಮಡಚಿಟ್ಟದ್ದು. ಬಿಚ್ಚುವಾಗ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ. ಒಣಗಿ ಸೆಟೆದಿದ್ದರೆ ಒತ್ತಾಯದಿಂದ ಬಿಚ್ಚಬೇಡಿ, ಒಂದೆರಡು ದಿನ ನೆರಳಿನ ತಂಪು ಜಾಗದಲ್ಲಿ ಇಟ್ಟು ಆಮೇಲೆ ಒಂದೊಂದೇ ಮಡಿಕೆ ತೆರೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು. ಬಳಪದ ಬರಹ ಬಟ್ಟೆಗೆ ಹೀರಿಕೊಂಡಿರುವುದಿಲ್ಲ, ಮೇಲೆ ಕೂತಿರುತ್ತದೆ ಅಷ್ಟೇ, ಒಂದು ಸಲ ಒರೆಸಿದರೆ ಮುಗಿಯಿತು. ಫೋಟೋ ತೆಗೆಯುವಾಗ ಫ್ಲ್ಯಾಶ್ ಆರಿಸಿ, ಟಾರ್ಚನ್ನು ಬದಿಯಿಂದ ತೀರಾ ಓರೆಯಾಗಿ ಹಿಡಿದು ಮೂರು ದಿಕ್ಕಿನಿಂದ ಮೂರು ಫೋಟೋ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಏಳುತ್ತದೆ.

ಸರ್ಕಾರಿ ದಾಖಲೆಯಲ್ಲಿ ಮೊದಲು ಗಡಿಯ ಇತಿಹಾಸ ತಿಳಿದಿರಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಇಡಿಯಾಗಿ ಮದ್ರಾಸ್ ಆಳ್ವಿಕೆಗೆ ಹೋಯಿತು. ಉತ್ತರ ಕನ್ನಡ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತು. ಹೀಗಾಗಿ ಶಿರಸಿ, ಸಿದ್ದಾಪುರ ಕಡೆಯ ಮನೆತನದ 1862ರ ಮೊದಲಿನ ಕಂದಾಯ ಪತ್ರವ್ಯವಹಾರವನ್ನು ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ ಹುಡುಕಬೇಕು, ಆಮೇಲಿನದನ್ನು ಮುಂಬೈಯಲ್ಲಿ. ಮಂಗಳೂರು, ಉಡುಪಿ ಕಡೆಯದು 1956ರವರೆಗೂ ಮದ್ರಾಸಿನದೇ. ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿ ಏನೂ ಇಲ್ಲ ಎಂದು ಕೈಚೆಲ್ಲುವವರು ಬಹಳ.

ಪಹಣಿಯಿಂದ ಹಿಂದಕ್ಕೆ ಹೋಗುವಾಗ ಮುಟೇಶನ್, ಅಂದರೆ ಖಾತೆ ಬದಲಾವಣೆಯ, ಸರಪಳಿ ಹಿಡಿಯಬೇಕು. ಅದಕ್ಕಿಂತ ಒಳ್ಳೆಯದು 1974ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಗೇಣಿದಾರರು ಹಾಕಿದ ಫಾರಂ ನಂಬರ್ 7ರ ಕಡತಗಳು. ಭೂನ್ಯಾಯಮಂಡಳಿಯ ಮುಂದೆ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷವರ್ಷದ ಗೇಣಿ) ಎಂದು ವಾದ ಮಾಡುವಾಗ ಎರಡೂ ಕಡೆಯವರು ಮೂರು ನಾಲ್ಕು ತಲೆಮಾರಿನ ಸಂಬಂಧ ಬಿಡಿಸಿ ಹೇಳಿರುತ್ತಾರೆ. ಜಗಳದ ಕಾಗದಕ್ಕಿಂತ ಒಳ್ಳೆಯ ವಂಶಾವಳಿ ಇಲ್ಲ, ಎದುರಾಳಿ ತಪ್ಪು ಹುಡುಕಲೆಂದೇ ಕೂತಿರುತ್ತಾನಲ್ಲ.

ಬಂಟ ಮತ್ತು ಜೈನ ಮನೆಗಳಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಅಳಿಯಸಂತಾನದಲ್ಲಿ ಆಸ್ತಿ ಹೋಗುತ್ತಿದ್ದುದು ಹೆಣ್ಣಿನ ಸಂತತಿಗೆ, ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿಕೊಟ್ಟ ಮೇಲೆ ನೋಂದಣಿಯಾದ ವಿಭಾಗಪತ್ರಗಳಲ್ಲಿ ಒಂದೊಂದು ಕವರಿನ, ಅಂದರೆ ಒಬ್ಬ ಹೆಣ್ಣಿನಿಂದ ಇಳಿದ ಕವಲಿನ, ಸದಸ್ಯರ ಹೆಸರು, ತಾಯಿಯ ಹೆಸರು, ವಯಸ್ಸು ಎಲ್ಲ ಇರುತ್ತದೆ. ಇಂಥ ಒಂದು ಪತ್ರ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಆನ್‌ಲೈನ್ ಋಣಭಾರ ಪತ್ರ 2004ರಿಂದ ಈಚಿನದು ಮಾತ್ರ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ಸೂಚಿ ಪುಸ್ತಕ ತೆಗೆಸಬೇಕು. ಗುತ್ತಿನ ಮನೆಗಳಲ್ಲಿ, ಅಂದರೆ ತುಳುನಾಡಿನ ಯಜಮಾನ ಮನೆತನಗಳಲ್ಲಿ, ಒಂದು ಎಚ್ಚರ: ಗಡಿ, ಅಂದರೆ ಯಜಮಾನಿಕೆಯ ಪಟ್ಟ, ಏರಿದವನನ್ನು ಹಿಂದಿನವರ ಹೆಸರಿನಿಂದಲೇ ಕರೆಯುವ ವಾಡಿಕೆ ಕೆಲವು ಕಡೆ ಇದೆ. ಎರಡು ಕಾಗದದಲ್ಲಿ ಒಂದೇ ಹೆಸರು ಕಂಡರೆ ಒಬ್ಬನೇ ಎಂದುಕೊಳ್ಳದೆ ವಯಸ್ಸು, ತಾಯಿಯ ಹೆಸರು ನೋಡಿ.

ಈಗ ಏಳನೆಯ ಕಾಲಂ ಓದುವುದು

ಮೇಲಿನಿಂದ ಕೆಳಗಿನವರೆಗೆ ‘ತಂ’ ಬಂದರೆ ವೈ ಕ್ರೋಮೋಸೋಮಿನ ಪರೀಕ್ಷೆ. ಅದು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಉದ್ದಕ್ಕೂ ‘ತಾ’ ಬಂದರೆ ಮೈಟೋಕಾಂಡ್ರಿಯಾದ ಪರೀಕ್ಷೆ. ಅದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ಸಾಗಿಸುವುದು ಹೆಣ್ಣುಮಕ್ಕಳು ಮಾತ್ರ. ಬೆರಕೆಯಾಗಿದ್ದರೆ ಸರಪಳಿಯನ್ನು ಆ ಜಾಗದಲ್ಲಿ ಕತ್ತರಿಸಿ ಎರಡು ಬೇರೆ ಕೆಲಸ ಎಂದು ಎಣಿಸಬೇಕು.

ಬೆರಕೆಯ ಒಂದು ಮಾದರಿ ನೋಡೋಣ, ಏಕೆಂದರೆ ಕರಾವಳಿಯಲ್ಲಿ ಹೆಚ್ಚು ಎದುರಾಗುವುದು ಇದೇ. ಇಂದಿನ ಒಬ್ಬ ಬಂಟ ಹೆಗ್ಡೆಗೆ ಹೆಸರು ಅಪ್ಪನಿಂದ ಬಂದಿದೆ, ಅಪ್ಪನಿಗೆ ಅಜ್ಜನಿಂದ. ಅಜ್ಜನಿಗೆ ಮಾತ್ರ ಬಂದದ್ದು ಅವನ ಸೋದರಮಾವನಿಂದ, ತುಳುವಿನಲ್ಲಿ ಹೇಳುವುದಾದರೆ ತಮ್ಮಲೆಯಿಂದ. ಈ ಮನುಷ್ಯನ ವೈ ಪರೀಕ್ಷೆ ಮಾಡಿಸಿದರೆ ಸಿಗುವುದು ಅಜ್ಜನ ಅಪ್ಪನ ವಂಶ, ಆತ ಬೇರೆ ಬಳಿಯವನು, ಬಹುಶಃ ಶೆಟ್ಟಿಯೋ ರೈಯೋ. ಇವನದೇ ಮೈಟೋಕಾಂಡ್ರಿಯಾ ನೋಡಿದರೆ ಸಿಗುವುದು ಇವನ ತಾಯಿಯ ಬಳಿ, ಅದಕ್ಕೂ ಹೆಗ್ಡೆ ಹೆಸರಿಗೂ ಸಂಬಂಧವಿಲ್ಲ. ಹೆಸರಿನ ಜಾಡು ಇರುವುದು ಅಜ್ಜನ ತಾಯಿಯಲ್ಲಿ. ಆಕೆಯ ಮೈಟೋಕಾಂಡ್ರಿಯಾ ಇವತ್ತು ಸಿಗಬೇಕಾದರೆ ಅಜ್ಜನ ಅಕ್ಕತಂಗಿಯರ ಹೆಣ್ಣುಮಕ್ಕಳ ಮಕ್ಕಳನ್ನು ಹುಡುಕಬೇಕು. ಅವರ ಅಡ್ಡಹೆಸರು ಈಗ ಏನಾದರೂ ಆಗಿರಬಹುದು. ಹೆಗ್ಡೆ ಹೆಸರಿನ ಜೈವಿಕ ಗುರುತು ಹೆಗ್ಡೆ ಅಲ್ಲದವರ ಬಾಯಲ್ಲಿ ಕೂತಿರುತ್ತದೆ.

‘ಹು’ ಎಂಬ ಗುರುತು ಬಂದ ಕಡೆ ಡಿಎನ್‌ಎ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಂದ ಮೇಲಕ್ಕೆ ಶಾಸನ ಮಾತ್ರ.

ಯಾರ ಮಾದರಿ, ಹೇಗೆ

ಒಂದು ಕವಲಿಗೆ ಇಬ್ಬರು, ಇಬ್ಬರೂ ಸಾಧ್ಯವಾದಷ್ಟು ದೂರದವರು. ಅಣ್ಣತಮ್ಮಂದಿರಿಬ್ಬರನ್ನು ಪರೀಕ್ಷಿಸಿದರೆ ಅವರ ಅಪ್ಪ ಒಬ್ಬನೇ ಎಂದಷ್ಟೇ ತಿಳಿಯುತ್ತದೆ. ಆರು ತಲೆಮಾರಿನ ಹಿಂದೆ ಬೇರೆಯಾದ ಎರಡು ಮನೆಯಿಂದ ಒಬ್ಬೊಬ್ಬರನ್ನು ತೆಗೆದುಕೊಂಡು ಇಬ್ಬರೂ ಹೊಂದಿದರೆ ಆರು ತಲೆಮಾರಿನ ಹಿಂದಿನ ಆ ಮನುಷ್ಯನ ವೈ ಗುರುತು ಖಾತ್ರಿಯಾಗುತ್ತದೆ. ಹೊಂದದಿದ್ದರೆ ಯಾವ ಕಡೆ ಮುರಿಯಿತು ಎಂದು ತಿಳಿಯಲು ಮೂರನೆಯವರು ಬೇಕು. ಯುರೋಪಿನ ಅಧ್ಯಯನಗಳಲ್ಲಿ ತಂದೆತನದ ಕೊಂಡಿ ತಪ್ಪುವ ಪ್ರಮಾಣ ತಲೆಮಾರಿಗೆ ಶೇ. 1ರ ಆಸುಪಾಸು ಕಂಡಿದೆ. ಅದನ್ನೇ ಹಿಡಿದರೂ ಎರಡು ಕಡೆ ಆರಾರು, ಒಟ್ಟು 12 ಕೊಂಡಿಗಳಲ್ಲಿ ಎಲ್ಲೋ ಒಂದು ಕಡೆ ತಪ್ಪುವ ಸಾಧ್ಯತೆ ಶೇ. 11. ನಮ್ಮಲ್ಲಿ ದತ್ತು, ಮನೆಅಳಿಯತನ ಬೇರೆ ಸೇರುತ್ತವೆ. ಆದ್ದರಿಂದ ಹೊಂದದ ಫಲಿತಾಂಶ ಬಂದಾಗ ಯಾರ ಶೀಲದ ಮೇಲೂ ತೀರ್ಪು ಕೊಡಬಾರದು, ಮೊದಲು ದತ್ತುಪತ್ರ ಹುಡುಕಬೇಕು. ಈ ಮಾತನ್ನು ಮಾದರಿ ಕೊಡುವ ಮೊದಲೇ ಎಲ್ಲರಿಗೂ ಹೇಳಿ, ಕನ್ನಡದಲ್ಲಿ ಬರೆದ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳಬೇಕು.

ಮಾದರಿ ತೆಗೆಯುವಾಗ ಮಲೆನಾಡಿನ ದೊಡ್ಡ ಶತ್ರು ಕವಳ. ಅಡಿಕೆ, ಸುಣ್ಣ, ಹೊಗೆಸೊಪ್ಪು ತುಂಬಿದ ಬಾಯಿಯಿಂದ ತೆಗೆದ ಹತ್ತಿಕಡ್ಡಿ ಕೆಂಪಾಗಿ ಬರುತ್ತದೆ, ಪ್ರಯೋಗಾಲಯ ವಾಪಸ್ ಕಳಿಸುತ್ತದೆ. ಬೆಳಿಗ್ಗೆ ಎದ್ದ ಮೇಲೆ, ಮೊದಲ ಕವಳಕ್ಕೂ ಚಹಾಕ್ಕೂ ಮುನ್ನ ತೆಗೆಯುವುದು ಒಳ್ಳೆಯದು. ತಪ್ಪಿದರೆ ಬಾಯಿ ಮುಕ್ಕಳಿಸಿ ಒಂದು ಗಂಟೆ ಕಾಯಬೇಕು. ಕೆನ್ನೆಯ ಒಳಭಾಗವನ್ನು ಒಂದೊಂದು ಬದಿಗೆ ಒಂದು ನಿಮಿಷ, ಹಲ್ಲಿಗೆ ತಾಗದಂತೆ, ಸ್ವಲ್ಪ ಒತ್ತಿಯೇ ಉಜ್ಜಬೇಕು. ಬೇಕಾದದ್ದು ಎಂಜಲಲ್ಲ, ಕೆನ್ನೆಯ ಜೀವಕೋಶ. ಕೊಳವೆಯಲ್ಲಿ 2 ಮಿಲಿಲೀಟರ್ ಉಗುಳು ಕೇಳುವ ಕಿಟ್‌ಗಳು ಎಂಬತ್ತು ದಾಟಿದವರಿಗೆ ಕಷ್ಟ, ಬಾಯಿ ಒಣಗಿರುತ್ತದೆ, ನೊರೆಯೇ ಹೆಚ್ಚು ಬರುತ್ತದೆ. ಅವರಿಗೆ ಕಡ್ಡಿಯ ಕಿಟ್ ತರಿಸಿ. ಒಂದೇ ದಿನ ಐದಾರು ಮಂದಿಯದು ತೆಗೆಯುವುದಾದರೆ ಒಬ್ಬರದು ಮುಚ್ಚಿ, ಹೆಸರು ಬರೆದು, ಲಕೋಟೆಗೆ ಹಾಕಿದ ಮೇಲೆಯೇ ಇನ್ನೊಬ್ಬರ ಪೊಟ್ಟಣ ಒಡೆಯಬೇಕು. ಎರಡು ಕೊಳವೆ ಅದಲುಬದಲಾದರೆ ಆಗುವ ರಂಪಾಟ ಊಹಿಸಿಕೊಳ್ಳಿ.

ಅಂಕಿಗಳನ್ನು ಓದುವುದು

ವೈ ಪರೀಕ್ಷೆಯಲ್ಲಿ ಎರಡು ಬಗೆ. ಒಂದು, ಮಾರ್ಕರುಗಳಲ್ಲಿ, ಅಂದರೆ ಹೋಲಿಕೆಗೆಂದು ಆರಿಸಿಕೊಂಡ ಜಾಗಗಳಲ್ಲಿ, ತುಣುಕು ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸುವುದು; ಮಾರ್ಕರುಗಳ ಸಂಖ್ಯೆ 37, 67, 111. ಇನ್ನೊಂದು, ಕ್ರೋಮೋಸೋಮಿನ ದೊಡ್ಡ ಭಾಗವನ್ನೇ ಓದಿ ಒಂಟಿ ಅಕ್ಷರದ ಬದಲಾವಣೆ ಹುಡುಕುವುದು, ಬಿಗ್ ವೈ ಎನ್ನುವುದು ಇದಕ್ಕೆ.

ಅಗ್ಗದ 37ರಲ್ಲಿ ಒಂದು ಬೋನಿದೆ. ಮಾರ್ಕರಿಗೆ ತಲೆಮಾರಿಗೆ ಬದಲಾವಣೆಯ ವೇಗ 0.004 ಎಂದು ಹಿಡಿಯಿರಿ. ಇಬ್ಬರ ಮೂಲಪುರುಷ 20 ತಲೆಮಾರಿನ ಹಿಂದಿನವನಾದರೆ ಎರಡೂ ಕಡೆ ಸೇರಿ 40 ಕೊಂಡಿ. 37ನ್ನು 40ರಿಂದ, ಅದನ್ನು 0.004ರಿಂದ ಗುಣಿಸಿದರೆ ಸುಮಾರು 6. ಅಂದರೆ ನಿಜವಾಗಿ ಒಂದೇ ಬುಡದವರಾದ ಇಬ್ಬರು 6 ಹೆಜ್ಜೆ ದೂರ ಕಾಣುತ್ತಾರೆ. ಫ್ಯಾಮಿಲಿ ಟ್ರೀ ಡಿಎನ್‌ಎ ಸಂಸ್ಥೆಯ 37ರ ಪಟ್ಟಿಯಲ್ಲಿ 4 ದಾಟಿದವರನ್ನು ತೋರಿಸುವುದೇ ಇಲ್ಲ. ಪಟ್ಟಿ ಖಾಲಿ ಬಂತು, ನಮಗೆ ಯಾರೂ ನೆಂಟರಿಲ್ಲ ಎಂದು ಕೂತವರ ನೆಂಟ ಪಕ್ಕದೂರಿನಲ್ಲೇ ಇರಬಹುದು. ಇಬ್ಬರ ಅಂಕಿಗಳನ್ನು ಕೈಯಾರೆ ಪಕ್ಕಪಕ್ಕ ಇಟ್ಟು ಎಣಿಸಿ. ಎಣಿಸುವಾಗ ಡಿವೈಎಸ್ 389 ಎಂಬ ಮಾರ್ಕರಿನ ಎರಡನೆಯ ಅಂಕಿಯಲ್ಲಿ ಮೊದಲನೆಯದು ಸೇರಿಕೊಂಡಿರುತ್ತದೆ, ಕಳೆದು ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಒಂದೇ ಬದಲಾವಣೆ ಎರಡು ಸಲ ಎಣಿಕೆಯಾಗುತ್ತದೆ. ಇಪ್ಪತ್ತು ತಲೆಮಾರಿನ, ಅಂದರೆ ಸುಮಾರು ಆರುನೂರು ವರ್ಷದ, ಪ್ರಶ್ನೆಗೆ ಬಿಗ್ ವೈ ಸರಿ: ಸರಾಸರಿ 80ರಿಂದ 85 ವರ್ಷಕ್ಕೊಂದು ಬದಲಾವಣೆ ಸಿಗುವುದರಿಂದ ಆ ಅವಧಿಯಲ್ಲಿ ಒಂದೊಂದು ಕವಲಿನಲ್ಲಿ ಏಳರ ಆಸುಪಾಸು ಗುರುತು ಬಿದ್ದಿರುತ್ತದೆ.

ವೈ ಪರೀಕ್ಷೆ ಪ್ರತಿಯೊಬ್ಬರನ್ನೂ ಒಂದು ಹಳೆಯ ವಂಶಗುಂಪಿಗೆ ಸೇರಿಸುತ್ತದೆ, ಅವುಗಳ ಹೆಸರು ಆರ್1ಎ, ಎಚ್, ಎಲ್ ಹೀಗೆ. ಹವ್ಯಕ ಹೆಗಡೆ ಒಬ್ಬರಲ್ಲಿ ಆರ್1ಎ, ಬೇರೆ ಸಮುದಾಯದ ಹೆಗ್ಡೆ ಒಬ್ಬರಲ್ಲಿ ಎಚ್ ಅಥವಾ ಎಲ್ ಬಂದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು. ಈ ಗುಂಪುಗಳು ಕವಲೊಡೆದದ್ದು ಹತ್ತಾರು ಸಾವಿರ ವರ್ಷಗಳ ಹಿಂದೆ, ಹೆಸರಿನ ವಯಸ್ಸು ಸಾವಿರದ ಲೆಕ್ಕ. ತಿರುಗಿಸಿ ಹೇಳಿದರೆ ಮಾತ್ರ ತಪ್ಪು: ಇಬ್ಬರಲ್ಲೂ ಆರ್1ಎ ಬಂದ ಮಾತ್ರಕ್ಕೆ ನೆಂಟರಲ್ಲ. ಅದು ಪಂಜಾಬಿನಿಂದ ತಮಿಳುನಾಡಿನವರೆಗೆ ಇದೆ, ಆಂಧ್ರದ ಚೆಂಚು ಬುಡಕಟ್ಟಿನಲ್ಲೂ ಸಿಕ್ಕಿದೆ. ಕದಂಬ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಐತಿಹ್ಯ ನಿಜ ಎಂದು ಬರೀ ಆರ್1ಎ ಫಲಿತಾಂಶ ಹಿಡಿದು ಸಾಧಿಸುವವರಿದ್ದಾರೆ. ಅಷ್ಟು ಭಾರ ಹೊರುವ ಶಕ್ತಿ ಆ ಒಂದು ಅಕ್ಷರಕ್ಕೂ ಅಂಕಿಗೂ ಇಲ್ಲ.

ಮೈಟೋಕಾಂಡ್ರಿಯಾದಲ್ಲಿ 16,569 ಅಕ್ಷರವನ್ನೂ ಓದಿಸಬೇಕು. ಅಗ್ಗದ್ದೆಂದು ಮೊದಲ ತುಂಡು ಮಾತ್ರ ಓದಿಸಿದರೆ ಹೊಂದಿಕೆ ಬಂದರೂ ಪೂರ್ವಜೆ ಸಾವಿರ ವರ್ಷ ಹಿಂದಿನವಳಿರಬಹುದು. ಪೂರ್ತಿ ಓದಿದ್ದು ಒಂದಕ್ಷರ ಬಿಡದೆ ಹೊಂದಿದರೂ ಆಕೆ ಐನೂರು ವರ್ಷದೊಳಗೆ ಎಲ್ಲಿಯಾದರೂ ಇರಬಹುದು. ಬಳಿಯ ಪ್ರಶ್ನೆಗೆ ಅಷ್ಟು ಸಾಕು, ಅಜ್ಜಿಯ ಅಜ್ಜಿ ಯಾರು ಎಂಬ ಪ್ರಶ್ನೆಗೆ ಸಾಲದು.

ಶೇಕಡಾವಾರು ಪೂರ್ವಜರ ಬಣ್ಣದ ನಕ್ಷೆ ಕೊಡುವ ಆಟೋಸೋಮಲ್ (ತಂದೆ ತಾಯಿ ಇಬ್ಬರಿಂದಲೂ ಬರುವ ಉಳಿದ ಕ್ರೋಮೋಸೋಮುಗಳ) ಪರೀಕ್ಷೆ ಅಡ್ಡಹೆಸರಿಗೆ ಉಪಯೋಗವಿಲ್ಲ. ಭಾರತದ ಜನಸಮುದಾಯಗಳಲ್ಲಿ ಮುಖ್ಯ ಮಿಶ್ರಣ ನಡೆದದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಎಂದು 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು ತೋರಿಸಿದರು. ಶಾಸನದಲ್ಲಿ ಪೆರ್ಗಡೆ ಕಾಣಿಸುವ ಹೊತ್ತಿಗೆ ಆ ಕಥೆ ಮುಗಿದು ಕಾಲವಾಗಿತ್ತು. ಹತ್ತಿರದ ನೆಂಟರನ್ನು ಹುಡುಕಲು ಬಳಸುವುದಾದರೂ ಒಳಮದುವೆಯ ಲೆಕ್ಕ ಕಳೆಯಬೇಕು. ಒಂದೇ ಸಮುದಾಯದೊಳಗೆ ಶತಮಾನಗಳ ಕಾಲ ಮದುವೆಯಾದರೆ, ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಂಡರೆ, ಸಣ್ಣಸಣ್ಣ ತುಣುಕು ನಾಲ್ಕೂ ದಿಕ್ಕಿನಿಂದ ಸೇರಿ ಆರನೆಯ ತಲೆಯ ನೆಂಟ ಮೂರನೆಯವನಂತೆ ಕಾಣುತ್ತಾನೆ. ಒಟ್ಟು ಮೊತ್ತ ನೋಡಬೇಡಿ, ಅತಿ ಉದ್ದದ ಒಂಟಿ ತುಣುಕು ನೋಡಿ. 15 ಸೆಂಟಿಮಾರ್ಗನ್‌ಗಿಂತ (ಡಿಎನ್‌ಎ ತುಣುಕಿನ ಉದ್ದದ ಅಳತೆ) ಚಿಕ್ಕದನ್ನು ಬದಿಗಿಡಿ.

ಕಟ್ಟಿಡುವುದು

ಫಲಿತಾಂಶ ಬಂದ ದಿನವೇ ಮೂಲ ಡೇಟಾ ಕಡತವನ್ನು ಇಳಿಸಿಕೊಂಡು ಎರಡು ಕಡೆ ಇಡಿ, ಒಂದು ಇಂಟರ್ನೆಟ್ಟಿಗೆ ತಾಗದ ಡಿಸ್ಕಿನಲ್ಲಿ. 23ಆ್ಯಂಡ್‌ಮಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಲಕ್ಷಾಂತರ ಜನ ತಮ್ಮ ಡೇಟಾ ಯಾರ ಕೈಗೆ ಹೋಗುತ್ತದೆ ಎಂದು ಕಂಗಾಲಾದರು. ಕೊಳವೆಯಲ್ಲಿ ಉಳಿದ ಮಾದರಿಯನ್ನು ನಾಶಮಾಡಿಸುವ ಆಯ್ಕೆ ಖಾತೆಯೊಳಗೇ ಇರುತ್ತದೆ, ಕೊಟ್ಟವರನ್ನು ಕೇಳಿ ತೀರ್ಮಾನಿಸಿ.

ಕೊನೆಗೆ ಕಾಗದದ ಮೇಲೆ ಬರೆಯುವಾಗ ಮೂರು ಸಾಲು ಬೇರೆಬೇರೆ ಇಡಬೇಕು, ಬೆರೆಸಬಾರದು. ಪದದ ಸಾಲು: ಪೆರ್ಗಡೆ, ಹೆಗ್ಗಡೆ, ಹೆಗಡೆ, ಅಧಿಕಾರಿ. ದಾಖಲೆಯ ಸಾಲು: ಈ ಮನೆಯಲ್ಲಿ ಈ ಹೆಸರು ಮೊದಲು ಕಂಡ ಕಾಗದ, ಅದರ ಇಸವಿ, ಆಗ ಅದು ಹೆಸರಿನ ಮುಂದಿತ್ತೋ ಹಿಂದಿತ್ತೋ. ರಕ್ತದ ಸಾಲು: ಯಾವ ಇಬ್ಬರ ಮಾದರಿ, ಯಾವ ಪರೀಕ್ಷೆ, ಎಷ್ಟು ತಲೆಮಾರಿನವರೆಗೆ ಖಾತ್ರಿ. ಅದರ ಒಂದೊಂದು ಪ್ರತಿಯನ್ನು ಮಾದರಿ ಕೊಟ್ಟವರಿಗೆ, ಇನ್ನೊಂದನ್ನು ಕಡತ ಬಿಚ್ಚಲು ಬಿಟ್ಟ ಮನೆಗೆ ತಲುಪಿಸಬೇಕು. ಕಡತವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ, ಒಣ ಬಟ್ಟೆ ಸುತ್ತಿ, ಹೊಗೆ ತಾಗುವ ಅದೇ ಅಟ್ಟಕ್ಕೆ ಏರಿಸಿದರೆ ಗೆದ್ದಲು ಹತ್ತಿರ ಬರುವುದಿಲ್ಲ.